ಸೈಕಲ್ಲಿಗೆ ಕಟ್ಟಿದ ದೇವರ ದಾರ

ಹೋದ ತಿಂಗಳು ಒಬ್ಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಮಂಡಿಕಲ್ ಕಡೆಯ ಒಂದು ಪ್ರೌಢಶಾಲೆಗೆ ಹೊಸದಾಗಿ ದೈಹಿಕ ಶಿಕ್ಷಕಿಯಾಗಿ ಸೇರಿದ್ದಾಳೆ. ಕೈಯಲ್ಲಿ ನೋಟ್‌ಬುಕ್ಕು, ಪೆನ್ನು. ನನ್ನ ಅನುಭವದಿಂದ ಏನಾದರೂ ಹೇಳಬೇಕಂತೆ, ಬರೆದುಕೊಳ್ಳುತ್ತಾಳಂತೆ. ಕಬಡ್ಡಿ ಅಂಕಣದ ಅಳತೆ ಪುಸ್ತಕದಲ್ಲೇ ಇದೆ, ಅದನ್ನು ನನ್ನಿಂದ ಕೇಳಬೇಕಾಗಿಲ್ಲ ಎಂದೆ. ಆಮೇಲೆ ನಾನೇ ಅವಳನ್ನು ಕೇಳಿದೆ, ನಿಮ್ಮ ಶಾಲೆಯ ಹೆಣ್ಣುಮಕ್ಕಳು ಸೈಕಲ್ಲಿನಲ್ಲಿ ಬರುತ್ತಾರಾ ಅಂತ. ಬರುತ್ತಾರೆ, ಆದರೆ ಕೆಲವರು ಕೆಲವು ದಿನ ನಡೆದುಕೊಂಡು ಬರುತ್ತಾರೆ ಎಂದಳು. ಯಾವ ದಿನ ಎಂದರೆ ಅವಳಿಗೆ ಗೊತ್ತಿಲ್ಲ.

ಅವಳನ್ನು ಬೈಯಲು ನನಗೆ ಯಾವ ಹಕ್ಕೂ ಇಲ್ಲ. ನನಗೂ ಎರಡೂವರೆ ವರ್ಷ ಗೊತ್ತಿರಲಿಲ್ಲ. ಗೊತ್ತಾದ ದಿನ ಆದ ಆಘಾತ ಇವತ್ತಿಗೂ ಇಳಿದಿಲ್ಲ, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಪಿ.ಟಿ. ಮೇಡಂ ಆಗಿ ಸೇರಿದೆ, ಪಿ.ಟಿ. ಮೇಡಂ ಆಗಿಯೇ ಹಾರ ಹಾಕಿಸಿಕೊಂಡು ಮನೆಗೆ ಬಂದೆ.

ಮೊದಲ ಕೆಲಸ ಗೌರಿಬಿದನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಆಗ ನನಗೆ ಇಪ್ಪತ್ತನಾಲ್ಕು, ಮದುವೆಯಾಗಿರಲಿಲ್ಲ. ಬಸ್ ಇಳಿದು ಶಾಲೆಗೆ ಮೂರು ಮೈಲಿ ಇತ್ತು, ನಾನು ಲೇಡೀಸ್ ಸೈಕಲ್ ಇಟ್ಟುಕೊಂಡಿದ್ದೆ. ಸೀರೆ ಉಟ್ಟು ಸೈಕಲ್ ತುಳಿಯುವ ಹೆಂಗಸನ್ನು ನೋಡಲು ಮೊದಲ ವಾರ ಜನ ಜಗಲಿಯ ಮೇಲೆ ಬಂದು ಕೂರುತ್ತಿದ್ದರು. ಎರಡನೇ ವಾರಕ್ಕೆ ಬೇಜಾರಾಗಿ ಎದ್ದು ಹೋದರು. ಶಾಲೆಯ ಹುಡುಗಿಯರಿಗೆ ಮಾತ್ರ ಬೇಜಾರಾಗಲಿಲ್ಲ, ನಮಗೂ ಕಲಿಸಿ ಎಂದು ಹಿಂದೆ ಬಿದ್ದರು. ಹೆಡ್‌ಮಾಸ್ಟರು ಸಂಭಾವಿತರು, ಆದರೆ ಎಲ್ಲಕ್ಕೂ ಸುತ್ತೋಲೆ ಕೇಳುವ ಮನುಷ್ಯ. ಸೈಕಲ್ ಕಲಿಸುವುದು ಪಠ್ಯಕ್ರಮದಲ್ಲಿ ಇದೆಯೇ ಎಂದು ಕೇಳಿದರು. ಇಲ್ಲ ಎಂದೂ ಬರೆದಿಲ್ಲವಲ್ಲ ಸಾರ್ ಎಂದೆ. ಅದು ಅವರಿಗೆ ಸರಿ ಕಂಡಿತು.

ನನ್ನದು ಬಿಟ್ಟರೆ ಶಾಲೆಯಲ್ಲಿ ಇದ್ದದ್ದು ಅಟೆಂಡರನ ಗಂಡಸರ ಸೈಕಲ್ ಒಂದೇ. ಊರಿನ ಮನೆಗಳಲ್ಲಿ ಇದ್ದದ್ದೂ ಅಂಥ ಸೈಕಲ್ಲೇ, ಹಾಗಾಗಿ ಅದರಲ್ಲೇ ಒಳಪೆಡಲ್ ಕಲಿಸಿದೆ. ನಡುವಿನ ಕಂಬಿಯ ಕೆಳಗೆ ಕಾಲು ತೂರಿಸಿ, ಸೊಂಟ ಸೊಟ್ಟ ಮಾಡಿ, ಅರ್ಧರ್ಧ ಪೆಡಲ್ ತುಳಿಯುವುದು. ಲಂಗ ಚೈನಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು, ಬಿಡಿಸಲು ಚೀಲದಲ್ಲಿ ಕತ್ತರಿ ಇಟ್ಟುಕೊಂಡಿರುತ್ತಿದ್ದೆ. ಬ್ಯಾಲೆನ್ಸು ಕಲಿಸಿದೆ, ತಿರುವು ಕಲಿಸಿದೆ, ಬ್ರೇಕ್ ಹಿಡಿಯುವುದನ್ನು ಕಲಿಸಲೇ ಇಲ್ಲ. ನಿಲ್ಲಿಸಬೇಕಾದಾಗ ನಾನು ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಳ್ಳುತ್ತಿದ್ದೆನಲ್ಲ, ಹಾಗಾಗಿ ಆ ಯೋಚನೆಯೇ ಬಂದಿರಲಿಲ್ಲ. ಒಂದು ದಿನ ಒಬ್ಬಳು ನನ್ನ ಕೈ ತಪ್ಪಿಸಿಕೊಂಡು ಕೆರೆ ಏರಿಯ ಇಳಿಜಾರಿನಲ್ಲಿ ನೇರ ಹೋಗಿ ಯಾರದೋ ತಿಪ್ಪೆಗೆ ನುಗ್ಗಿದಳು. ಪುಣ್ಯಕ್ಕೆ ತಿಪ್ಪೆ ಮೆತ್ತಗಿತ್ತು.

ಮಾರನೇ ದಿನ ಅವಳ ತಾಯಿ ಬಂದರು. ಬೈಗುಳ ತಿನ್ನಲು ನಾನು ಸಿದ್ಧವಾಗಿದ್ದೆ. ಆಕೆ ಗಾಯದ ಮಾತೇ ಎತ್ತಲಿಲ್ಲ. ನನ್ನನ್ನು ಬೇವಿನ ಮರದ ಹಿಂದಕ್ಕೆ ಕರೆದುಕೊಂಡು ಹೋಗಿ, ಆ ಸೀಟಿನ ಮೇಲೆ ಕೂತರೆ ಹೆಣ್ಣುಮಕ್ಕಳಿಗೆ ಒಳಗೆ ಏನೋ ಆಗುತ್ತದಂತೆ, ನಾಳೆ ಮದುವೆಯಾದಾಗ ಗಂಡ ಅನುಮಾನ ಪಡುತ್ತಾನಂತೆ, ನಿಜವಾ ಎಂದು ಕೇಳಿದರು. ಅಷ್ಟು ವರ್ಷ ಸೈಕಲ್ ತುಳಿದವಳು ನಾನು, ಆದರೂ ಗೌರಿಬಿದನೂರಿಗೆ ಹೋಗಿ ಒಬ್ಬ ಲೇಡಿ ಡಾಕ್ಟರನ್ನು ಕೇಳಿ ಬಂದೆ. ಏನೂ ಆಗುವುದಿಲ್ಲ ಎಂದು ಅವರು ನಕ್ಕು ಕಳಿಸಿದ್ದರು. ತಾಯಿಗೆ ಡಾಕ್ಟರ ಹೆಸರು ಹೇಳಿ ಬಚಾವಾದೆ. ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ, ಆಡಬೇಕು ಅಂತ ಹೊಳೆಯಲೂ ಇಲ್ಲ.

ಹಲವು ವರ್ಷಗಳಾದ ಮೇಲೆ ಚಿಂತಾಮಣಿ ತಾಲ್ಲೂಕಿನಲ್ಲಿ, ಅಂಬಾಜಿದುರ್ಗದ ತಪ್ಪಲಿನ ಕಡೆ ಇದ್ದೆ. ಅಷ್ಟರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರದ ಸೈಕಲ್ ಬರಲು ಶುರುವಾಗಿತ್ತು. ಲಾರಿಯಿಂದ ಬಿಡಿಭಾಗ ಇಳಿಸುವುದು, ಜೋಡಿಸುವವರಿಗೆ ಟೀ ತರಿಸುವುದು, ಗಾಳಿ ಹೊಡೆಯುವುದು ಎಲ್ಲ ಪಿ.ಟಿ. ಟೀಚರ ಹಣೆಗೆ. ಹಂಚುವ ದಿನ ಶಾಮಿಯಾನ ಹಾಕಿದೆವು. ಅತಿಥಿಗಳು ಬರುವುದು ಎರಡು ಗಂಟೆ ತಡವಾಯಿತು. ಹೆಣ್ಣುಮಕ್ಕಳು ಬಿಸಿಲಿನಲ್ಲಿ ಹ್ಯಾಂಡಲ್ ಹಿಡಿದು ಸಾಲಾಗಿ ನಿಂತಿದ್ದರು. ಭಾಷಣವಾಯಿತು, ಫೋಟೋ ಆಯಿತು, ಕಾರುಗಳು ಹೋದವು. ಇನ್ನು ಹತ್ತಿಕೊಂಡು ಮನೆಗೆ ಹೋಗಿ ಎಂದು ನಾನು ಜೋರಾಗಿ ವಿಷಲ್ ಊದಿದೆ. ಒಬ್ಬಳೂ ಹತ್ತಲಿಲ್ಲ. ಹುಡುಗರು ಹಾರಿ ಕೂತು ಹೋದರು. ಹುಡುಗಿಯರೆಲ್ಲ ಹೊಸ ಸೈಕಲ್ಲುಗಳನ್ನು ಎಮ್ಮೆಯಂತೆ ನಡೆಸಿಕೊಂಡು ಹೊರಟರು. ಆ ಸಾಲು ಬೆಟ್ಟದ ತಿರುವಿನವರೆಗೂ ಕಾಣುತ್ತಿತ್ತು. ಇವರಿಗೆ ಸೈಕಲ್ ಬರುತ್ತದೆಯೇ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮುಂದಿನ ವರ್ಷ ಸೈಕಲ್ ಬಂದಾಗ ನಾನು ಹಂಚಲೇ ಇಲ್ಲ. ಒಂದು ಕೊಠಡಿಯಲ್ಲಿಟ್ಟು ಬೀಗ ಹಾಕಿ, ಮೂರು ವಾರ ಬೆಳಿಗ್ಗೆ ಸಂಜೆ ಕಲಿಸಿ, ಕಲಿತವರಿಗೆ ಕೊಡುತ್ತ ಬಂದೆ. ಕಲಿಸುವ ರೀತಿಯನ್ನೂ ಬದಲಿಸಿದ್ದೆ. ಸೀಟು ಪೂರಾ ಇಳಿಸಿ, ಎರಡೂ ಕಾಲು ನೆಲಕ್ಕೆ ತಾಗಿಸಿ, ಪೆಡಲ್ ಮುಟ್ಟದೆ ನೂಕಿಕೊಂಡು ಹೋಗುವುದು ಮೊದಲು. ಎರಡನೇ ದಿನ ಬ್ರೇಕು. ಮೇಲಿನವರು ಸುಮ್ಮನಿರಲಿಲ್ಲ, ವಿತರಣೆ ಯಾಕೆ ವಿಳಂಬ ಎಂದು ಪರಿವೀಕ್ಷಕರು ಮೆಮೊ ಕೊಟ್ಟರು. ಉತ್ತರ ಬರೆದೆ. ಇನ್ನೊಂದು ಮೆಮೊ ಬಂತು, ಅದಕ್ಕೂ ಬರೆದೆ. ಕೊನೆಯ ಸೈಕಲ್ ಹೋಗುವ ಹೊತ್ತಿಗೆ ಅವರಿಗೇ ಸಾಕಾಗಿತ್ತು.

ಇಷ್ಟರಲ್ಲಿ ನಾನು ಬಹಳ ಜಾಣೆ ಎಂದು ನನಗೇ ಅನ್ನಿಸತೊಡಗಿತ್ತು. ಆ ಜಾಣತನ ಹೊತ್ತುಕೊಂಡೇ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಗೆ ಹೋದೆ. ಊರಿನ ಹೆಸರು ಬೇಡ. ಮನೆಮನೆಯಲ್ಲಿ ರೇಷ್ಮೆ ಹುಳು ಸಾಕುವ ಊರು, ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಹೆಣ್ಣುಮಕ್ಕಳು ಸುತ್ತಲಿನ ಹಳ್ಳಿಗಳಿಂದ ನಾಲ್ಕು, ಐದು ಕಿಲೋಮೀಟರ್ ನಡೆದು ಬರುತ್ತಿದ್ದರು. ಸೈಕಲ್ ಬಂತು, ಕಲಿಸಿಯೂ ಆಯಿತು. ತಾಯಂದಿರು ಮನೆಗೆ ತರಿಸಿಕೊಳ್ಳಲು ಒಪ್ಪಲಿಲ್ಲ. ಪಕ್ಕದ ಊರಿನಲ್ಲಿ ಒಬ್ಬಳು ಬಿದ್ದು ಕೈ ಮುರಿದುಕೊಂಡಿದ್ದಳು. ಹೆಣ್ಣುಮಕ್ಕಳಿಗೆ ಆ ಕಬ್ಬಿಣ ಆಗಿಬರುವುದಿಲ್ಲ ಎಂದು ಊರು ತೀರ್ಮಾನ ಮಾಡಿಬಿಟ್ಟಿತ್ತು.

ಆಗ ಪೂಜೆಯ ಯೋಚನೆ ಹೊಳೆದದ್ದು ನನಗೇ. ಗಂಗಮ್ಮನ ಗುಡಿಯ ಮುಂದೆ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದೆ. ಅರಿಶಿನ, ಕುಂಕುಮ, ಸೇವಂತಿಗೆ, ಚಕ್ರದ ಕೆಳಗೆ ನಿಂಬೆಹಣ್ಣು, ಒಂದೂ ಕಡಿಮೆ ಮಾಡಲಿಲ್ಲ. ಪೂಜಾರಪ್ಪ ಅಮ್ಮನ ಪಾದದಲ್ಲಿಟ್ಟ ಅರಿಶಿನದ ದಾರದ ಕಟ್ಟು ತಂದರು. ಅವರಿಗೆ ಸೊಂಟ ಬಗ್ಗಿಸಲು ಆಗುತ್ತಿರಲಿಲ್ಲ, ಹಾಗಾಗಿ ಒಂದೊಂದು ಹ್ಯಾಂಡಲ್ಲಿಗೂ ನಾನೇ ದಾರ ಕಟ್ಟಿದೆ, ನಾನೇ ಕುಂಕುಮ ಇಟ್ಟೆ, ಮಂಗಳಾರತಿ ತಟ್ಟೆ ಹಿಡಿದುಕೊಂಡು ಸಾಲಿನ ತುದಿಯವರೆಗೂ ಹೋದೆ. ತಾಯಂದಿರ ಮುಖ ಅರಳಿತು. ಸಂಜೆಯೊಳಗೆ ಎಲ್ಲ ಸೈಕಲ್ಲೂ ಮನೆ ಸೇರಿದವು. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ನನ್ನನ್ನು ಹೊಗಳಿದ್ದೇ ಹೊಗಳಿದ್ದು.

ಆ ತಂಡದಲ್ಲಿ ಅಶ್ವಿನಿ ಎಂಬ ಹುಡುಗಿ ಇದ್ದಳು. ತೆಳ್ಳಗೆ ಉದ್ದಕ್ಕೆ ಇದ್ದಳು, ಮಾತು ಕಡಿಮೆ. ಉಳಿದವರು ಮೂರು ವಾರ ತೆಗೆದುಕೊಂಡರೆ ಅವಳು ನಾಲ್ಕು ದಿನಕ್ಕೆ ಕಲಿತಿದ್ದಳು. ಅವಳ ಮನೆಯಲ್ಲಿ ಅಜ್ಜಿ ಮುನಿಲಕ್ಷ್ಮಮ್ಮನ ಮಾತೇ ನಡೆಯುವುದು, ಹುಳು ಮನೆಯ ಯಜಮಾನಿಕೆ ಅವರದೇ. ಹುಡುಗಿ ಶಾಲೆಯಿಂದ ಬಂದ ಮೇಲೆ ಅದೇ ಸೈಕಲ್ಲಿನಲ್ಲಿ ತೋಟದಿಂದ ಹಿಪ್ಪುನೇರಳೆ ಸೊಪ್ಪು ಹೇರಿಕೊಂಡು ಬರುತ್ತಿದ್ದಳು. ಪೂಜೆಯಾದ ಮೇಲೆ ಬಂದ ಮೊದಲ ರೇಷ್ಮೆ ಬೆಳೆ ಬಹಳ ಚೆನ್ನಾಗಿ ಆಯಿತಂತೆ. ಅಮ್ಮನ ದಾರದ ಗಾಡಿಯಲ್ಲಿ ಸೊಪ್ಪು ಬಂದಿದ್ದಕ್ಕೇ ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ಬಂದರು. ನನಗೂ ಖುಷಿಯಾಗಿತ್ತು.

ಇನ್ನು ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ನಾನು ಶಿಸ್ತಿನ ಟೀಚರ್ ಎಂದು ಹೆಸರಾಗಿದ್ದೆ. ಪ್ರಾರ್ಥನೆಗೆ ತಡವಾಗಿ ಬಂದವರು ಮೈದಾನ ಮೂರು ಸುತ್ತು ಓಡಬೇಕು. ಸೈಕಲ್ ಕೊಟ್ಟ ಮೇಲೂ ಕೆಲವು ಹುಡುಗಿಯರು ಕೆಲವು ದಿನ ನಡೆದುಕೊಂಡು, ಬೆವರಿಕೊಂಡು, ತಡವಾಗಿ ಬರುತ್ತಿದ್ದರು. ಸೈಕಲ್ ಎಲ್ಲಿ ಎಂದರೆ ತಲೆ ತಗ್ಗಿಸುತ್ತಿದ್ದರು. ಸರ್ಕಾರ ಕೊಟ್ಟಿದ್ದನ್ನು ಅಣ್ಣನಿಗೆ ಕೊಟ್ಟು ಬಂದಿರಬೇಕು ಎಂದುಕೊಂಡು ಅವರಿಗೆ ಇನ್ನೂ ಎರಡು ಸುತ್ತು ಹೆಚ್ಚಿಗೆ ಓಡಿಸುತ್ತಿದ್ದೆ. ಅಶ್ವಿನಿ ಎಷ್ಟೋ ಸಲ ಓಡಿದ್ದಾಳೆ. ಹತ್ತನೇ ತರಗತಿಯಲ್ಲಿ, ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ, ಒಂದು ದಿನ ನಾಲ್ಕನೇ ಸುತ್ತಿಗೆ ಕುಸಿದು ಕೂತಳು. ನೀರು ಕೊಟ್ಟು ಕಳಿಸಿದೆ. ಆಮೇಲೆ ಮೂರು ದಿನ ಅವಳು ಬರಲಿಲ್ಲ.

ನಾಲ್ಕನೇ ದಿನ ನಾನೇ ಸೈಕಲ್ ಹತ್ತಿಕೊಂಡು ಅವರ ಮನೆಗೆ ಹೋದೆ. ಅವಳ ಸೈಕಲ್ ಹುಳು ಮನೆಯ ಗೋಡೆಗೆ ಒರಗಿ ನಿಂತಿತ್ತು. ಯಾವ ಅಣ್ಣನೂ ಒಯ್ದಿರಲಿಲ್ಲ. ದಾರ ಹಾಗೇ ಇತ್ತು, ಅವತ್ತು ಬೆಳಿಗ್ಗೆ ಇಟ್ಟ ಹೂವೂ ಇತ್ತು. ಹುಡುಗಿ ದೂರದಲ್ಲಿ, ದನದ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ, ಚಾಪೆ ಹಾಕಿಕೊಂಡು ಕೂತಿದ್ದಳು. ಸೈಕಲ್ ಇಲ್ಲೇ ಇದೆಯಲ್ಲ, ಮತ್ತೆ ಯಾಕೆ ನಡೆದು ಬರುತ್ತಾಳೆ ಎಂದು ಅಜ್ಜಿಯನ್ನು ಕೇಳಿದೆ. ಅವರು ನನ್ನನ್ನು ಏನೂ ತಿಳಿಯದ ಮಗುವನ್ನು ನೋಡುವಂತೆ ನೋಡಿದರು.

"ಮೇಡಮ್ಮ, ಪೂಜೆ ಮಾಡ್ಸಿದ್ದು ನೀವೇ ಅಲ್ವಾ? ಅಮ್ಮನ ದಾರ ಕಟ್ಟಿರೋ ಗಾಡೀನ ಹೊರಗಾದ ಮಗು ಹೆಂಗಮ್ಮ ಹತ್ತುತ್ತೆ? ಅದ್ರಾಗೆ ಬಂದ ಸೊಪ್ಪು ಹುಳಕ್ಕೆ ಹೋಗ್ತದೆ. ಒಂದು ಹೆಚ್ಚುಕಮ್ಮಿ ಆದ್ರೆ ಹುಳ ಎಲ್ಲಾ ಬೆಳ್ಳಗೆ ಸತ್ತು ಇಡೀ ಬೆಳೆ ಸುಣ್ಣ ಆಗೋಗ್ತದೆ."

ನಡೆದು ಬರುತ್ತಿದ್ದ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಕಬ್ಬಿಣ ಕಬ್ಬಿಣವಾಗಿಯೇ ಇದ್ದಿದ್ದರೆ ಈ ಕಾರಣಕ್ಕೆ ಯಾರೂ ತಡೆಯುತ್ತಿರಲಿಲ್ಲ. ಅದನ್ನು ದೇವರ ಗಾಡಿ ಮಾಡಿದವಳು ನಾನು. ನಡೆಯಲು ಕಷ್ಟವಾಗುವ ದಿನಗಳಲ್ಲೇ ಅವರನ್ನು ಐದು ಕಿಲೋಮೀಟರ್ ನಡೆಸಿದ್ದೆ, ಸಾಲದು ಎಂದು ಮೈದಾನವನ್ನೂ ಸುತ್ತಿಸಿದ್ದೆ. ಅಜ್ಜಿ ಕೊಟ್ಟ ಮಜ್ಜಿಗೆಯ ಲೋಟವನ್ನು ಜಗಲಿಯ ಮೇಲಿಟ್ಟೆ.

ಚಪ್ಪರದ ಹತ್ತಿರ ಹೋದೆ. ಇನ್ನು ಮೇಲೆ ಯಾರನ್ನೂ ಓಡಿಸುವುದಿಲ್ಲ, ಶಾಲೆಗೆ ಬಾ ಎಂದೆ. ಅಶ್ವಿನಿ ಬರುವುದಿಲ್ಲ ಎಂಬಂತೆ ತಲೆಯಾಡಿಸಿದಳು. ಅವಳು ಹೇಳಿದ್ದು ಕೇಳಿ ಇನ್ನೊಂದು ಸಲ ಬೆಚ್ಚಿಬಿದ್ದೆ. ಸೈಕಲ್ ಇಲ್ಲದ ಕಾಲದಲ್ಲಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲವಂತೆ, ಎಲ್ಲರೂ ದಿನಾ ನಡೆಯುತ್ತಿದ್ದರಲ್ಲ. ಈಗ ನಡೆದುಕೊಂಡು ಹೊರಟರೆ ದಾರಿಗೆಲ್ಲ ತಿಳಿಯುತ್ತದೆ. ಅರಳಿಕಟ್ಟೆಯ ಹುಡುಗರು ಇವತ್ತು ಗಾಡಿ ರಜಾ ಎಂದು ಕೂಗುತ್ತಾರಂತೆ. ಯಾರಿಗೆ ಯಾವ ವಾರ ಎಂಬುದು ಕಟ್ಟೆಗೆಲ್ಲ ಬಾಯಿಪಾಠವಂತೆ. ನನ್ನ ಸೈಕಲ್ ತೆಗೆದುಕೊಂಡು ಹೋಗು, ಅದಕ್ಕೆ ಯಾವ ದಾರವೂ ಇಲ್ಲ ಎಂದೆ. ನಿಮ್ಮ ಸೈಕಲ್ಲು ಎಂದರೂ ಗೊತ್ತಾಗುತ್ತದಲ್ಲ ಮೇಡಂ ಎಂದಳು. ಪಬ್ಲಿಕ್ ಪರೀಕ್ಷೆಯಲ್ಲಿ ಆ ದಿನ ಬಂದರೆ ಬರೆಯುವುದಿಲ್ಲ, ಈ ಸಲ ಫೇಲಾದರೆ ಅಪ್ಪ ಮತ್ತೆ ಕಟ್ಟಿಸುವುದಿಲ್ಲ, ಆಗಲಿ ಬಿಡಿ ಎಂದಳು. ಅಳಲಿಲ್ಲ, ತೀರ್ಮಾನ ಮಾಡಿದವಳ ಹಾಗೆ ಹೇಳಿದಳು.

ಮಾರನೇ ದಿನದಿಂದ ಸುತ್ತು ಓಡಿಸುವುದನ್ನು ನಿಲ್ಲಿಸಿದೆ. ಅರಳಿಕಟ್ಟೆಗೆ ಹೋಗಿ ಹುಡುಗರಿಗೆ ಬೈದೆ, ಅವರು ಎದುರಿಗೆ ಸುಮ್ಮನಾಗಿ ಬೆನ್ನ ಹಿಂದೆ ನಕ್ಕರು. ದಾರಗಳನ್ನೆಲ್ಲ ಬಿಚ್ಚಿಸಿಬಿಡೋಣ ಸಾರ್ ಎಂದು ಹೆಡ್‌ಮಾಸ್ಟರಿಗೆ ಹೇಳಿದರೆ ಅವರು ಬಿಳಿಚಿಕೊಂಡರು. ಕಟ್ಟಿದ್ದು ನೀವು, ಬಿಚ್ಚಿದರೆ ಊರಿನವರು ಶಾಲೆಗೆ ಬೀಗ ಜಡಿಯುತ್ತಾರೆ ಎಂದರು. ಅಜ್ಜಿಯ ಬಳಿ ಎರಡು ಸಲ ಹೋಗಿ ಬಂದೆ. ಆರೋಗ್ಯ ಇಲಾಖೆಯ ಪುಸ್ತಕ ಓದಿ ಹೇಳಿದೆ, ದೇವರು ಅಂಥದ್ದಕ್ಕೆಲ್ಲ ಕೋಪ ಮಾಡಿಕೊಳ್ಳುವುದಿಲ್ಲ ಎಂದೆ. ಅವರು ಗೌರವದಿಂದಲೇ ಕೇಳಿಸಿಕೊಂಡು, ಹುಳು ಸಾಕುವವರ ಕಷ್ಟ ನಿಮಗೆ ತಿಳಿಯದಮ್ಮ ಎಂದು ಕಳಿಸಿದರು.

ಪರೀಕ್ಷಾ ಕೇಂದ್ರ ಏಳು ಕಿಲೋಮೀಟರ್ ದೂರದ ಇನ್ನೊಂದು ಊರಿನಲ್ಲಿತ್ತು, ಆ ಹೊತ್ತಿಗೆ ಬಸ್ಸಿಲ್ಲ. ಮಕ್ಕಳನ್ನು ಶಾಲೆಯ ಮುಂದೆ ಸೇರಿಸಿ, ಸೈಕಲ್ಲುಗಳ ಜೊತೆಯಲ್ಲೇ ಹೋಗಿ ಅಲ್ಲಿಗೆ ತಲುಪಿಸುವ ಕೆಲಸ ನನ್ನದು. ಮೊದಲೆರಡು ಪರೀಕ್ಷೆಗೆ ಅಶ್ವಿನಿ ಬಂದಳು. ಗಣಿತದ ದಿನ ಬರಲಿಲ್ಲ. ಉಳಿದವರನ್ನು ಇನ್ನೊಬ್ಬ ಮೇಷ್ಟ್ರಿಗೆ ಒಪ್ಪಿಸಿ ಅವಳ ಮನೆಯ ಕಡೆ ತುಳಿದೆ. ಅಷ್ಟು ಜೋರಾಗಿ ನಾನು ಕ್ರೀಡಾಕೂಟದಲ್ಲೂ ತುಳಿದಿಲ್ಲ.

ಹುಡುಗಿ ಯೂನಿಫಾರ್ಮ್ ಹಾಕಿಕೊಂಡು, ಹಾಲ್ ಟಿಕೆಟ್ ಕೈಯಲ್ಲಿ ಹಿಡಿದು, ಚಪ್ಪರದಲ್ಲೇ ಕೂತಿದ್ದಳು. ಅಜ್ಜಿ ಜಗಲಿಯಲ್ಲಿ ಎಳೆ ಹುಳಕ್ಕೆ ಸೊಪ್ಪು ಸಣ್ಣಗೆ ಹೆಚ್ಚುತ್ತಿದ್ದರು. ಪರೀಕ್ಷೆ ಶುರುವಾಗಲು ಮುಕ್ಕಾಲು ಗಂಟೆ ಉಳಿದಿತ್ತು. ಆಡಬೇಕಾದ ಮಾತೆಲ್ಲ ಆಗಲೇ ಆಡಿ ಮುಗಿಸಿದ್ದೆ. ಉಳಿದಿದ್ದದ್ದು ಒಂದೇ ಮಾತು.

"ಅಜ್ಜಿ, ಆ ದಾರ ಕಟ್ಟಿದ್ದು ನಾನು."

"ಗೊತ್ತಲ್ಲಮ್ಮ, ನಿಮ್ಮ ಕೈಯಾರೆ ಕಟ್ಟಿದ್ರಿ."

"ಅವತ್ತು ನಾನು ಹೊರಗಾಗಿದ್ದೆ. ಎರಡನೇ ದಿನ."

ಹೆಚ್ಚುತ್ತಿದ್ದ ಕೈ ನಿಂತಿತು. ನಾನು ಹೇಳಿದ್ದು ಸುಳ್ಳಲ್ಲ. ಪೂಜೆ ನಿಗದಿಯಾಗಿತ್ತು, ಏರ್ಪಾಟೆಲ್ಲ ನನ್ನದೇ, ಇವತ್ತು ನನಗೆ ಆಗುವುದಿಲ್ಲ ಎಂದು ಯಾರಿಗೆ ಹೇಳುವುದು? ಪಿ.ಟಿ. ಮೇಡಂಗೆ ಅಂಥ ದಿನಗಳು ಇರುತ್ತವೆ ಎಂದು ಶಾಲೆಯಲ್ಲಿ ಯಾರೂ ಎಣಿಸಿರಲಿಲ್ಲ, ನಾನೂ ತೋರಿಸಿಕೊಂಡವಳಲ್ಲ. ಗಾಢ ಬಣ್ಣದ ಸೀರೆ ಉಟ್ಟು ಸೈಕಲ್ ತುಳಿದುಕೊಂಡು ಗುಡಿಗೆ ಹೋಗಿದ್ದೆ. ದಾರ ಕಟ್ಟುವಾಗ ಒಳಗೊಳಗೇ ಸ್ವಲ್ಪ ನಗುವೂ ಬಂದಿತ್ತು. ಮಾರನೇ ದಿನಕ್ಕೆ ಮರೆತೂ ಬಿಟ್ಟಿದ್ದೆ. ಹುಡುಗಿಯರು ನಡೆದು ಬರುತ್ತಿದ್ದ ಕಾರಣ ತಿಳಿದ ಮೇಲೂ ಇದನ್ನು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯಾಗಿತ್ತು.

ಅಜ್ಜಿ ಎದ್ದು ನಿಂತರು. ಮುಖ ಕೆಂಪಾಗಿತ್ತು. ಕುಂಕುಮ ಇಟ್ಟಿದ್ದೂ ನೀವೇನಾ ಎಂದು ಕೇಳಿದರು. ಹೌದು ಎಂದೆ. ಮಂಗಳಾರತಿ ತಟ್ಟೆ? ಅದೂ ನಾನೇ ಎಂದೆ. ಅವರು ತೆಲುಗಿನಲ್ಲಿ ತಾಯಿ ಗಂಗಮ್ಮನನ್ನು ಕರೆದು ಏನೋ ಅಂದುಕೊಂಡರು. ಆಮೇಲೆ ಗೋಡೆಗೆ ಒರಗಿದ್ದ ಸೈಕಲ್ಲನ್ನು ನೋಡಿದರು, ಹುಳು ಮನೆಯ ಬಾಗಿಲನ್ನು ನೋಡಿದರು, ಮತ್ತೆ ಸೈಕಲ್ಲನ್ನು ನೋಡಿದರು.

"ಆ ಬೆಳೇಲಿ ಒಂದು ಹುಳಾನೂ ಕೆಡ್ಲಿಲ್ಲ" ಎಂದರು, ನನಗಲ್ಲ, ತಮಗೇ ಹೇಳಿಕೊಂಡಂತೆ. ಮೊಮ್ಮಗಳ ಕಡೆ ತಿರುಗಿದರು. "ಹೋಗಮ್ಮ, ಗಾಡಿ ತಗಂಡು ಹೋಗಿ ಪರೀಕ್ಷೆ ಬರಿ." ಆಮೇಲೆ ನನ್ನ ಕಡೆ. "ನೀವು ಮಾತ್ರ ಇನ್ಮೇಲೆ ನಮ್ಮ ಮನೆ ಕಡೆ ಬರಬೇಡಿ ಮೇಡಮ್ಮ."

ಆಗಲಿ ಎಂದೆ. ಆಮೇಲೆ ಆ ಮನೆಯ ಅಂಗಳಕ್ಕೆ ಕಾಲಿಡಲಿಲ್ಲ.

ಅಶ್ವಿನಿ ಸೈಕಲ್ ಹತ್ತಿದಳು. ಅರಳಿಕಟ್ಟೆ ದಾಟಿದೆವು. ಗಾಡಿ ನೋಡಿ ಹುಡುಗರು ಏನೂ ಅನ್ನಲಿಲ್ಲ, ಅವರಿಗೆ ಅನ್ನಲು ಏನೂ ಸಿಗಲಿಲ್ಲ. ಹುಡುಗಿ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಹೊತ್ತಿಗೆ ಸರಿಯಾಗಿ ತಲುಪುತ್ತೇವೆ ಎಂಬ ಧೈರ್ಯ ಬಂದ ಮೇಲೆ ಅವಳು ನಿಧಾನಿಸಿ ನನ್ನ ಪಕ್ಕಕ್ಕೆ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡೆ. ಆ ಆಸೆ ನನಗಿತ್ತು, ಮುಚ್ಚಿಡುವುದಿಲ್ಲ.

"ಆ ದಿನಗಳಲ್ಲೂ ನೀವು ಸೈಕಲ್ಲಲ್ಲೇ ಬರ್ತಿದ್ರಾ ಮೇಡಂ?"

"ಹೌದು ಕಣಮ್ಮ."

"ಎಲ್ಲಾ ತಿಂಗಳೂನಾ?"

"ಎಲ್ಲಾ ತಿಂಗಳೂ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕದಲ್ಲಿ ತಪ್ಪು ಎಲ್ಲಾಯಿತು ಎಂದು ಕೇಳುವ ಮಗುವಿನ ಹಾಗೆ ಕೇಳಿದಳು.

"ಮತ್ತೆ ನಮಗೆ ಯಾಕೆ ಹೇಳಲಿಲ್ಲ? ಎರಡೂವರೆ ವರ್ಷ ನಡೆದೆ ಮೇಡಂ. ನೀವು ಓಡಿಸಿದ್ರಿ."